ಎರಡಿಂಚು ಒಳಗೆ

ಪಕ್ಕದ ಸೈಟಿಗೆ ಒಂದು ಲೋಡು ಮರಳು ಬಂದು
ಇವತ್ತಿಗೆ ಒಂಬತ್ತು ದಿನ.
ತುಂಗೆಯದೇ ಮರಳು, ರಾತ್ರಿ ಹೊತ್ತು ಇಳಿಸಿದ್ದು.
ಮನೆ ಕಟ್ಟುವವರು ಇನ್ನೂ ಬಂದಿಲ್ಲ;
ನೇಸರ ಬಂದಿದ್ದಾಳೆ.
ನಾಲ್ಕೂವರೆ ವರ್ಷ. ಒಂದು ತೆಂಗಿನ ಕರಟ,
ಹಿಡಿ ಮುರಿದ ಸೌಟು,
ನನ್ನ ಹಳೇ ಟೇಪಿನಿಂದ ಹರಿದ ಹನ್ನೆರಡು ಇಂಚು.

ಶಿವಮೊಗ್ಗ, ಹೊಸಮನೆ ಬಡಾವಣೆ, ಮೂರನೇ ತಿರುವು.
ಕಿಟಕಿ ಪಕ್ಕಕ್ಕೆ ಮಿಷನ್ ಎಳೆದುಕೊಂಡಿದ್ದೇನೆ.
ಮೊದಲು ಗೋಡೆಗೆ ಮುಖ ಮಾಡಿ ಕೂರುತ್ತಿದ್ದೆ.
ಬೆಳಕು ಸಾಲದು ಅಂತ ಗಂಡನಿಗೆ ಹೇಳಿದ್ದು
ಅರ್ಧ ಸುಳ್ಳು.

ಕಾಲು ತುಳಿಯುತ್ತದೆ, ಕಿವಿ ಆಚೆ.
ಅವಳು ಮಾತಾಡುತ್ತಿದ್ದರೆ ಹೊಲಿಗೆ ನೆಟ್ಟಗೆ,
ಸುಮ್ಮನಾದಳೋ, ಸೂಜಿ ನಡುವೆಯೇ ನಿಲ್ಲುತ್ತದೆ.
ಟೀಚರಮ್ಮನ ರವಿಕೆಯ ಎಡತೋಳಿನಲ್ಲಿ
ಈ ಬೆಳಿಗ್ಗೆ ಏಳು ಸಲ ನಿಂತ ಗುರುತಿದೆ.
ಅವರಿಗೆ ಕಾಣುವುದಿಲ್ಲ. ನನಗೆ ಗೊತ್ತು.

ಮೊದಲನೇ ಸಲ ಎದ್ದದ್ದು ನೀರು ಕುಡಿಸಲು,
ಎರಡನೇ ಸಲ ಟೋಪಿ ಹಾಕಲು,
ಮೂರನೇ ಸಲ ಹೋಗಿ ನಿಂತು, ಏನೂ ತೋಚದೆ,
"ಇಡ್ಲಿ ಮಾಡ್ತಿದೀಯಾ ಮಗಳೇ?" ಅಂದೆ.
ಅವಳು ತಲೆ ಎತ್ತಲಿಲ್ಲ.
"ಇಡ್ಲಿ ಆಗಿರ್ಲಿಲ್ಲ. ನೀನು ಅಂದ್ಯಲ್ಲ, ಈಗ ಆಗೋಯ್ತು."
ಅಂಗೈಯಿಂದ ಎಲ್ಲ ಅಳಿಸಿದಳು.
ಏನಾಗಿತ್ತು ಅದು? ಕೇಳುವ ಧೈರ್ಯ ಬರಲಿಲ್ಲ.

ಹೊಳೆಹೊನ್ನೂರಿನ ಅಕ್ಕಿ ಗಿರಣಿಯಲ್ಲಿ
ನನ್ನಮ್ಮ ತೌಡು ಜರಡಿ ಹಿಡಿಯುವಾಗ
ನನ್ನ ಸೊಂಟಕ್ಕೊಂದು ಹಳೇ ಸೀರೆ,
ಅದರ ಇನ್ನೊಂದು ತುದಿ ಕಂಬಕ್ಕೆ.
ಬೆಲ್ಟು ತಿರುಗುತ್ತಿತ್ತಲ್ಲ, ಅವಳೇನು ಮಾಡಿಯಾಳು.
ಆ ಸೀರೆಯ ಉದ್ದ ನನಗಿನ್ನೂ ನೆನಪಿದೆ:
ನುಚ್ಚಿನ ರಾಶಿಗೆ ಒಂದು ಗೇಣು ಕಡಿಮೆ.
ಆ ಗೇಣಿನಾಚೆ ಗುಬ್ಬಿಗಳು ಇಳಿದು
ತಮ್ಮ ಪಾಡಿಗೆ ತಾವು ಜಗಳವಾಡುತ್ತಿದ್ದವು.

ಇವಳ ಸೊಂಟಕ್ಕೆ ನಾನೇನೂ ಕಟ್ಟಿಲ್ಲ
ಅಂತ ಎಲ್ಲರೆದುರು ಹೇಳಿಕೊಳ್ಳುತ್ತೇನೆ.
ಕಿಟಕಿಯ ಸರಳು ಒತ್ತಿದ ಗೆರೆ
ಹಣೆಯ ಮೇಲೇ ಇರುತ್ತದೆ.

ಎದುರುಮನೆ ಫಿಲೋಮಿನಮ್ಮ ಗೇಟು ಹಿಡಿದು
"ಒಬ್ಳನ್ನೇ ಬಿಟ್ಟಿದೀಯಲ್ಲ ವನಮಾಲಾ, ನಾಯಿ ಇದಾವೆ" ಅಂತಾರೆ.
ಇವೆ. ನಾಯಿ ಇವೆ, ಬೈಕಿವೆ, ಮರಳಲ್ಲಿ ಗಾಜಿರಬಹುದು.
ನಿನ್ನೆ ರಾತ್ರಿ ಇವಳು ಮಲಗಿದ ಮೇಲೆ
ಮೊಬೈಲಿನ ಟಾರ್ಚು ಹಿಡಿದು ಆ ರಾಶಿಯನ್ನೆಲ್ಲ
ಬೆರಳಿನಿಂದ ಜಾಲಾಡಿ ಬಂದೆ.
ಸಿಕ್ಕಿದ್ದು ಎರಡು ಮೊಳೆ, ಬೆಕ್ಕಿನ ಕಕ್ಕ,
ಹೊಳೆಯ ಪುಟ್ಟದೊಂದು ಚಿಪ್ಪು, ಸೋಡಾ ಮುಚ್ಚಳ.
ಮುಚ್ಚಳವನ್ನು ಮತ್ತೆ ಅಲ್ಲೇ ಹೂತಿಟ್ಟೆ.
ಅದು ಅವಳದ್ದಿರಬಹುದು.

ಮಕ್ಕಳ ಬಟ್ಟೆ ಹೊಲಿಯಲು ಕೊಡುವವರೆಲ್ಲ
"ಬೆಳೆಯೋ ಮಗು, ಒಳಗೆ ಎರಡಿಂಚು ಬಿಡಿ" ಅಂತಾರೆ.
ಬಿಟ್ಟಿದ್ದೇನೆ, ಹದಿನಾಲ್ಕು ವರ್ಷ, ಓಣಿಯ ಮಕ್ಕಳಿಗೆಲ್ಲ.
ಇವಳ ಫ್ರಾಕು ತಿರುವಿ ನೋಡಿದರೆ
ಅಂಚಿನವರೆಗೂ ಹೊಲಿಗೆ. ಎರಡು ಸುತ್ತು.

ಹತ್ತೂವರೆಗೆ ಬಿದ್ದಳು.
ಕಂಡೆ. ರಾಶಿಯ ತುದಿಯಿಂದ ಜಾರಿ, ಮೊಣಕಾಲು ಜಲ್ಲಿಗೆ.
ನಾನಾಗಲೇ ಹೊಸ್ತಿಲಲ್ಲಿ.
ಅವಳು ಆ ಕಡೆ ಈ ಕಡೆ ನೋಡಿದಳು,
ಯಾರಾದರೂ ಇದ್ದರೆ ಅಳೋಣ ಅಂತ.
ಬಾಗಿಲ ಹಿಂದೆ ಕಳ್ಳಿಯ ಹಾಗೆ ಉಸಿರು ಹಿಡಿದೆ.
ಯಾರೂ ಇರಲಿಲ್ಲ.
ಮೊಣಕಾಲಿಗೆ ತಾನೇ ಉಫ್ ಅಂದಳು, ಎರಡು ಸಲ,
"ಏನೂ ಆಗಿಲ್ಲ ಕಂದಾ, ಇರುವೆ ಸತ್ತೋಯ್ತು" ಅಂತ
ನನ್ನ ದನಿಯಲ್ಲಿ ತನಗೇ ಹೇಳಿಕೊಂಡಳು.
ಕೈಯಲ್ಲಿ ಡೆಟಾಲ್ ಬಾಟಲಿ,
ಬಾಗಿಲ ಹಿಂದೆಯೇ ಕೂತುಬಿಟ್ಟೆ.

ಊಟದ ಹೊತ್ತಿಗೆ ತಾನಾಗೇ ಬಂದಳು,
ಕಿವಿಯಲ್ಲಿ ಮರಳು, ಫ್ರಾಕಿನ ಒಂದು ಬದಿ ಬಿಚ್ಚಿಕೊಂಡು.
ಮೊಣಕಾಲಿನ ಸುದ್ದಿ ಅವಳು ಎತ್ತಲಿಲ್ಲ,
ನಾನು ಕೇಳಲಿಲ್ಲ.
ಅನ್ನ ಸಾರು ತಿಂದು ಮತ್ತೆ ಹೊರಟವಳು
ಒಂದು ಕಾಲು ಆಚೆ ಇಟ್ಟು ತಿರುಗಿದಳು:
"ಅಮ್ಮಾ, ಕಿಟಕಿ ಹಾಕ್ಕೋ.
ಮಿಷನ್ ಸದ್ದು ಬರ್ತಾ ಇರ್ಲಿ. ನೀನು ಬೇಡ."

ಒಂದು ಕದ ಹಾಕಿದ್ದೇನೆ, ಇನ್ನೊಂದು ಅರ್ಧ.
ಹೊಲಿಯಲು ಏನೂ ಉಳಿದಿಲ್ಲ ಇವತ್ತು.
ಸೂಜಿಯಲ್ಲಿ ದಾರವಿಲ್ಲ, ಕೆಳಗೆ ಬಟ್ಟೆಯಿಲ್ಲ,
ತುಳಿಯುತ್ತಿದ್ದೇನೆ.