ಎಂಬತ್ತು ಎಂದ ಮೇಲೆ

ಎಲ್ ಆಲ್ಟೊ. ತೆಳು ಗಾಳಿ, ಮುಗಿಯದ ರನ್‌ವೇ.
"ಎಂಬತ್ತು" ಎಂದೆ.
ಇಲ್ಲಿಮಾನಿ ಹಿಮ ಹೊದ್ದು ಎದುರೇ ಬರುತ್ತಿತ್ತು.

ಕೆಂಪು ದೀಪ. ಎಡ ಎಂಜಿನ್.

ನಾನು ಓದಿ ಮುಗಿಸುವುದರೊಳಗೆ
ನೈರಾ ಲಿಮಾಚಿಯ ಕೈ ಹಿಂದಕ್ಕೆ ಬಂದಿತ್ತು,
ಹಾಲುಕ್ಕುವ ಮುನ್ನ ಒಲೆ ಆರಿಸುವವಳ ಹಾಗೆ.
"ನಿಲ್ಲು" ಎಂದಳು, ನನಗಲ್ಲ.

ಬೆಟ್ಟವೂ ನಿಂತಿತು.

ಬ್ರೇಕಿನ ಸುಟ್ಟ ವಾಸನೆ. ಹಿಂದೆ ಯಾವುದೋ ಅಜ್ಜಿ
ಟೋಪಿ ಸರಿಮಾಡಿಕೊಂಡು, "ಬಂತಾ ಊರು?"

ಎಂಜಿನ್‌ಗೆ ಏನೂ ಆಗಿರಲಿಲ್ಲ.
ಒಂದು ತಂತಿ ಸಡಿಲ, ಅಷ್ಟೇ, ಎಂದು ನಕ್ಕ ಮೆಕ್ಯಾನಿಕ್.
ಅವಳು ನಗದೆ ಸಹಿ ಹಾಕಿದಳು.

ಮರುದಿನ ಅದೇ ಓಟ.
ನಮ್ಮದೇ ಟೈರಿನ ಕಪ್ಪು ಗೆರೆ
ತಟ್ಟನೆ ತುಂಡಾದ ಜಾಗ
ಕಾಲಡಿಯಲ್ಲಿ ಸರಿದುಹೋಯಿತು.
ಇನ್ನೂ ಸ್ವಲ್ಪ ದೂರ.
ಆಮೇಲೆ ಅವಳು
ಲಿವರ್ ಮೇಲಿನ ಕೈ ತೆಗೆದಳು.