ಮೂಸಬಾರದ ತಟ್ಟೆ

ಬೆನ್ನಿಂದ ತೆಗೆದದ್ದು ಒಂದು ಚಮಚದಷ್ಟು.
ತಿಳಿನೀರೇ ಅನ್ನಬೇಕು; ಬೆಳಕಿಗೆ ಹಿಡಿದರೆ
ಸಂಜೆಯ ವಾನ್ ಸರೋವರದ ಹಾಗೆ ಚೂರು ಹಳದಿ.
ಚೀಟಿಯಲ್ಲಿ: ಝೆರಿಫೆ, ಐವತ್ತಾರು, ಕುರಿ ಸಾಕಣೆ,
ಎರಡು ತಿಂಗಳಿಂದ ಬಂದುಹೋಗುವ ಜ್ವರ,
ಹತ್ತು ದಿನದಿಂದ ಕಿವಿ ಕೇಳದು.

ಉಳಿದ ಸೀಸೆಗಳೆಲ್ಲ ಬಾಯಿಬಡುಕ.
ಬೆಳಗಾಗುವುದರೊಳಗೆ ಯಂತ್ರದ ದೀಪ ಕೆಂಪಗೆ ಹೊತ್ತಿ
ಒಳಗೆ ಯಾರಿದ್ದಾರೆಂದು ಒದರಿಬಿಡುತ್ತವೆ.
ಇದೊಂದು ತುಟಿ ಬಿಚ್ಚದು.
ನಾಲ್ಕನೇ ದಿನ ಇಲ್ಲ. ಏಳನೇ ದಿನವೂ ಇಲ್ಲ.
"ಎಸಿ ಅಕ್ಕಾ, ಜಾಗ ಸಾಲದು" ಅಂದ ನೆಜ್ದೆತ್.
ಕೇಳಿಸದವಳಂತೆ ಇದ್ದೆ.

ಮಗಳು ದಿನಾ ಬಂದು ಕಿಟಕಿಗೆ ಆತು ನಿಲ್ಲುತ್ತಾಳೆ.
ಕೇಳದೆಯೇ ಹೇಳುತ್ತಾಳೆ:
ಹಿಮ ಕರಗುವ ಮೊದಲೇ ಏಳು ಕುರಿ ಕಂದು ಹಾಕಿದವು.
ಅಮ್ಮ ಮೊಣಕೈವರೆಗೆ ಕೈಯಿಟ್ಟು ಎಳೆದಳು,
ಮೂತಿ ಒರೆಸಿ, ಮೂಗಿಗೆ ಬಾಯಿಟ್ಟು ಊದಿದಳು,
ಒಂದೂ ಕಣ್ಣು ಬಿಡಲಿಲ್ಲ.
ಹಾಲು ಮಾತ್ರ ಇಳಿಯಿತು.
ಮೇ ತಿಂಗಳಿಗೆ ಕಾಡು ಬೆಳ್ಳುಳ್ಳಿ ಸೊಪ್ಪು ತಂದು
ಚೀಸ್ ಕಟ್ಟಿದೆವು, ಉಪ್ಪು ಸರಿಯಿದೆಯಾ ಅಂತ
ಹಸಿಯದೇ ಒಂದು ತುಂಡು ಬಾಯಿಗೆ ಹಾಕಿಕೊಂಡಳು.

ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುತ್ತಾರೆ.
ಇದು ಹಾಲೇ ಆಗಿತ್ತು,
ಬೆಚ್ಚಗೆ, ನೊರೆಯ ಸಮೇತ.

ಹದಿಮೂರನೇ ದಿನ, ಮಧ್ಯಾಹ್ನದ ಟೀ ಹೊತ್ತಿಗೆ, ಕೆಂಪು.
ಮತ್ತೆರಡು ದಿನಕ್ಕೆ ತಟ್ಟೆಯ ಮೇಲೆ
ಗಸಗಸೆಗಿಂತ ಸಣ್ಣ, ಜೇನುಬಣ್ಣದ ಚುಕ್ಕಿ.
ಮೂಸಬೇಡ: ಈ ಕೋಣೆಯಲ್ಲಿ ನನಗೆ ಕಲಿಸಿದ ಮೊದಲ ಮಾತು.
ಉಸಿರಲ್ಲೇ ಹತ್ತಿಬರುತ್ತದೆ ಇದು.
ಎರಡು ಜೊತೆ ಕೈಗವಸು, ಗಾಜಿನ ಗೂಡು, ಮುಖಕ್ಕೆ ಮುಸುಕು,
ಆದರೂ ಉಸಿರು ಬಿಗಿಹಿಡಿದೇ ಬಗ್ಗಿದೆ,
ಆ ಏಳು ಮೂತಿಗಳು ನೆನಪಾದವು.

ವಾರ್ಡಿಗೆ ಫೋನ್ ಮಾಡಿದೆ.
ಮೂರು ಬಗೆಯ ಔಷಧ, ಐದು ತಿಂಗಳು, ಒಂದು ಹೊತ್ತೂ ತಪ್ಪಬಾರದು.
ಜ್ವರ ಬಿಡುತ್ತದೆ. ತಲೆನೋವು ಬಿಡುತ್ತದೆ.
ಕಿವಿಯ ಬಗ್ಗೆ ಡಾಕ್ಟರು ಏನೂ ಹೇಳಲಿಲ್ಲ,
ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು.

ಮಗಳ ಪ್ರಶ್ನೆ ಬೇರೆ: ಹಿತ್ತಲಲ್ಲಿ ಬೋರಲು ಹೂತ
ಹನ್ನೊಂದು ಮಡಕೆ ಚೀಸ್ ಇದೆ,
ಅಗೆದು ತೆಗೆಯೋದಾ, ಹಾಗೇ ಬಿಡೋದಾ?
ಬಾಯಿ ತೆರೆದೆ. ಅಷ್ಟರಲ್ಲಿ ಮೇಲಿನಿಂದ,
ತನ್ನ ದನಿಯ ಅಳತೆ ತಪ್ಪಿದವಳ ಕೂಗು:
"ಕುರಿಗೆ ಉಪ್ಪು ಇಟ್ಟಿರಾ?
ಯಾರಾದರೂ ಉಪ್ಪು ಇಟ್ಟಿರಾ?"
ಎರಡು ಮಹಡಿ ಕೆಳಗೆ, ಮುಚ್ಚಿದ ಬಾಗಿಲ ಹಿಂದೆ,
ನನಗೂ ಕೇಳಿಸಿತು.