ಹದಿನೆಂಟನ್ನು ಬಿಟ್ಟು

ಭಾನುವಾರ ರಾತ್ರಿ ಹನ್ನೊಂದು. ಮಡಿಕೇರಿ.
ಸಹಕಾರ ಬ್ಯಾಂಕಿನ ಮೆಟ್ಟಿಲ ಕೆಳಗೆ
ಹಿಂದೆ ಪೊರಕೆ ಇಡುತ್ತಿದ್ದ ಕೋಣೆ.
ಈಗ ರೌಟರ್ ಇದೆ, ನಾನಿದ್ದೇನೆ,
ಪೊರಕೆಯೂ ಇದೆ.

ಪರದೆಯ ಮೇಲೆ ದಾರಿಗಳ ಪಟ್ಟಿ ಉರುಳುತ್ತದೆ:
ಪೊನ್ನಂಪೇಟೆಗೆ ವಿರಾಜಪೇಟೆಯ ಮೇಲೆ ಹೋಗು,
ಗೋಣಿಕೊಪ್ಪಕ್ಕೆ ವಿರಾಜಪೇಟೆಯ ಮೇಲೆ ಹೋಗು,
ಬಾಳೆಲೆಗೂ ಅದೇ.
ಬಸ್‌ಸ್ಟ್ಯಾಂಡಿನ ಕಂಡಕ್ಟರಾಗಿದ್ದರೆ
'ಎಲ್ಲ ವಿರಾಜಪೇಟೆ ಹತ್ತಿ' ಎಂದು
ಸೀಟಿ ಊದಿ ಮುಗಿಸುತ್ತಿದ್ದ.
ಯಂತ್ರಕ್ಕೆ ಆ ಬುದ್ಧಿ ಹೇಳಿಕೊಡಬೇಕು.

ಹದಿನಾರು, ಹದಿನೇಳು, ಹದಿನೆಂಟು, ಹತ್ತೊಂಬತ್ತು.
ಬಾಯಲ್ಲಿ ನಾಲ್ಕು ಬೇರೆ ಸಂಖ್ಯೆ.
ಸೊನ್ನೆ ಒಂದರಲ್ಲಿ ಬಿಡಿಸಿ ಬರೆದರೆ
ಮೊದಲ ಆರು ಮನೆ ಒಂದೇ ಅಚ್ಚು,
ತಕರಾರೆಲ್ಲ ಕೊನೆಯ ಎರಡರಲ್ಲಿ.
ಆ ಎರಡನ್ನು ಹೆಬ್ಬೆರಳಿನಿಂದ ಮುಚ್ಚಿದೆ:
ನಾಲ್ಕು ಊರು, ಒಂದೇ ಸಾಲು.

ಇದು ನನಗೆ ಹೊಸದಲ್ಲ.
ಯಾವ ಮದುವೆಗೆ ಹೋಗಲಿ,
ನೆರಿಗೆ ಹಿಂದಕ್ಕೆ ಉಟ್ಟ ಹಿರಿಯಳೊಬ್ಬಳು
ಮೊದಲು ಕೇಳುವುದು ಹೆಸರಲ್ಲ, ಒಕ್ಕ.
ಅಷ್ಟು ಸಾಕು. ಯಾವ ನಾಡು, ಯಾವ ಗದ್ದೆಯಂಚು,
ಉಳಿದ ದಾರಿ ಅವಳಿಗೇ ಗೊತ್ತು.
ಐವತ್ತು ಜನಕ್ಕೆ ಒಂದು ಹೆಸರು.
ಚೋಂದಮ್ಮ ಎನ್ನುವುದು ಆಮೇಲಿನ ಮಾತು,
ಕೊನೆಯ ಎರಡು ಬಿಟ್.

ಫೋನಿನಲ್ಲಿ ವಿರಾಜಪೇಟೆಯ ಹಂಸ:
'ಹಾಕಿದೆ ಅಕ್ಕ. ನಾಲ್ಕು ಹೋಗಿ ಒಂದಾಯ್ತು.'
ಕುಶಾಲನಗರ, ಸೋಮವಾರಪೇಟೆ ಕಡೆಯದನ್ನೂ ಹೀಗೇ ಮಡಚಿದೆವು.
ಅತ್ತಿತ್ತ ಉಳಿದ ಬಿಡಿ ಸಾಲುಗಳನ್ನು ನಾನೇ ಒರೆಸಿದೆ.
ಅರವತ್ತೆರಡು ಸಾಲಿನ ಪಟ್ಟಿ
ಹನ್ನೊಂದಕ್ಕೆ ಬಂದು ನಿಂತಿತು.
ಇನ್ನು ಬಾಳೆಲೆಯಲ್ಲಿ ಕರೆಂಟು ಕಣ್ಣು ಮಿಟುಕಿಸಿದರೆ
ಮಡಿಕೇರಿ ಬೆಚ್ಚಬೇಕಿಲ್ಲ.
ಅದು ವಿರಾಜಪೇಟೆಯ ಮನೆಯೊಳಗಿನ ಮಾತು.

ಬೆಳಿಗ್ಗೆ ಹತ್ತೂಕಾಲಿಗೆ ತಿತಿಮತಿ.
ಮ್ಯಾನೇಜರ್ ಉತ್ತಯ್ಯ, ಕೋಪ ಬಂದರೆ ಮೆಲ್ಲಗೆ ಮಾತಾಡುವವರು:
'ಪಿಂಚಣಿಗೆ ಹದಿನಾಲ್ಕು ಜನ ಕೂತಿದ್ದಾರೆ.
ಪರದೆಯಲ್ಲಿ ಚಕ್ರ ತಿರುಗುತ್ತಿದೆ.
ಎಷ್ಟು ಹೊತ್ತು ನೋಡಲಿ?'

ಆಗ ನೆನಪಾಯಿತು.
ಕಳೆದ ಜುಲೈ, ಆನೆ ದಬ್ಬಿದ ಮರ ತಂತಿ ಹರಿದಾಗ
ಹದಿನೆಂಟನ್ನು ಕುಶಾಲನಗರದ ಕಡೆ ಕಟ್ಟಿದ್ದೆವು.
ಊರು ಅಲ್ಲೇ, ಸಂಖ್ಯೆ ಅದೇ, ಬಾಗಿಲು ಬೇರೆ.
'ತಾತ್ಕಾಲಿಕ' ಎಂಬ ನನ್ನದೇ ಕೈಬರಹದ ಚೀಟಿ
ರೌಟರಿನ ಬೆನ್ನಿಗೆ ಅಂಟಿ ಹಳದಿಯಾಗಿದೆ.

ವಿರಾಜಪೇಟೆ ಸುಳ್ಳು ಹೇಳಲಿಲ್ಲ.
ನಾಲ್ವರೂ ನಮ್ಮವರೇ ಎಂದಿತು, ಅಷ್ಟೆ.
ಮಡಿಕೇರಿಯ ಉತ್ತರಗಳು ಅದನ್ನು ನಂಬಿ ಹೋದವು,
ಒಳಗೆ ಹದಿನೆಂಟರ ಕೋಣೆ ಹುಡುಕಿದವು,
ಹಂಸ ಇಟ್ಟ ಶೂನ್ಯದ ಬುಟ್ಟಿಗೆ
ಸದ್ದಿಲ್ಲದೆ ಬಿದ್ದವು.
ಬುಟ್ಟಿ ಇಡುವುದು ನಿಯಮ. ಇಡದಿದ್ದರೆ
ಎರಡು ಊರಿನ ನಡುವೆ ಸುತ್ತಿ ಸುತ್ತಿ
ಸುಸ್ತಾಗಿ ಸಾಯುತ್ತವೆ.

ಅಪ್ಪನ ತಂಗಿ ಬೋಜಮ್ಮ
ಹೊರಗಿನವನನ್ನು ಕಟ್ಟಿಕೊಂಡು ಹೋದವಳು.
ಒಕ್ಕದ ಲೆಕ್ಕದಲ್ಲಿದ್ದಾಳೆ, ಒಕ್ಕದಲ್ಲಿಲ್ಲ.
ಕೈಲ್‌ಪೊಳ್ದಿಗೆ 'ಎಲ್ಲರಿಗೂ ಹೇಳಿದೆವು' ಎನ್ನುತ್ತಾರೆ.
ಆ ಎಲ್ಲರೂ ಎಂಬ ಮಾತು
ಯಾವ ಬುಟ್ಟಿಗೆ ಬೀಳುತ್ತದೋ.

ಒಂದು ಸಾಲು ಬರೆದೆ:
ಹದಿನೆಂಟು ಮಾತ್ರ, ಕುಶಾಲನಗರದ ಮೇಲೆ.
ಹಳೆಯ ದೊಡ್ಡ ಸಾಲನ್ನು ಮುಟ್ಟಲಿಲ್ಲ.
ರೌಟರಿನ ನ್ಯಾಯದಲ್ಲಿ ಇಬ್ಬರು ನಮ್ಮದೆಂದರೆ
ಗುರುತು ಉದ್ದವಾಗಿ ಹೇಳಿದವನದೇ ಗೆಲುವು.
ಪಟ್ಟಿ ಹನ್ನೆರಡಾಯಿತು.
'ಬಂತು' ಎಂದರು ಉತ್ತಯ್ಯ, ಜೋರಾಗಿ, ಇಟ್ಟರು.

ಚೀಟಿ ಕಿತ್ತೆ. ಗೋಂದು ಬಿಡಲಿಲ್ಲ, ಅರ್ಧ ಅಲ್ಲೇ ಉಳಿಯಿತು.
ಸುಮ್ಮನೆ ಫೋನು ತೆಗೆದು
ಒಕ್ಕದ ಹೆಸರು ಒತ್ತಿದೆ. ನಲವತ್ತು ಜನ ಬಂದರು.
ಅವರಲ್ಲಿ ಅವಳಿಲ್ಲ.
ಕೆಳಗೆ, ಬ ಅಕ್ಷರದಲ್ಲಿ, ಬೇರೆಯೇ ಇತ್ತು,
ಯಾವಾಗಲೋ ನಾನೇ ಹಾಕಿಕೊಂಡ ಸಾಲು:
ಬೋಜಿ ಅತ್ತೆ, ಹುಣಸೂರು.